ಅರ್ಧ ಹಲ್ಲಿನ ಲೆಕ್ಕ

ನಮ್ಮ ಮನೆಯ ಹೀರೋ ಹೋಂಡಾ ಸ್ಪ್ಲೆಂಡರ್ ಗಾಡಿಗೆ ಕಳೆದ ವರ್ಷ ಮಳೆ ಹಿಡಿಯುವ ಮೊದಲು ಬೋರ್ ಹಾಕಿಸಿ, ಅಂದರೆ ಪಿಸ್ಟನ್ನು ಏರಿಳಿಯುವ ಕೊಳವೆಯನ್ನು ಹೊಸದಾಗಿ ಕೊರೆಸಿ, ಹೊಸ ಪಿಸ್ಟನ್ನು ಮತ್ತು ರಿಂಗುಗಳನ್ನು ಕೂರಿಸಿ, ಎಂಜಿನ್ನನ್ನು ನಾನೇ ಜೋಡಿಸಿದೆ. ಕೊನೆಯ ಬೋಲ್ಟು ಬಿಗಿದು ಕಿಕ್ಕರಿನ ಮೇಲೆ ಕಾಲಿಟ್ಟಾಗಲೇ ಕೆಲಸ ಸರಿಹೋಗಿಲ್ಲ ಎಂಬುದು ಗೊತ್ತಾಯಿತು. ಹೊಸ ಬೋರಿನ ಎಂಜಿನ್ನು ಕಾಲಿಗೆ ಎದುರು ನಿಲ್ಲಬೇಕು. ಕಿಕ್ಕರ್ ಅರ್ಧ ಇಳಿಯುವಷ್ಟರಲ್ಲಿ ಒಳಗಿನ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಪಾದವನ್ನು ಮೇಲಕ್ಕೆ ತಳ್ಳಬೇಕು. ನಮ್ಮ ಗಾಡಿಯಲ್ಲಿ ಕಾಲು ತಡೆಯಿಲ್ಲದೆ ಕೆಳಗಿಳಿಯಿತು. ನಾಲ್ಕೈದು ಸಲ ತುಳಿದ ಮೇಲೆ ಗಾಡಿ ಶುರುವಾಯಿತು, ಆದರೆ ಬಿಚ್ಚುವುದಕ್ಕೆ ಮೊದಲು ಹೇಗೆ ಓಡುತ್ತಿತ್ತೋ ಹಾಗೆಯೇ ಓಡಿತು. ಆ ಎಂಜಿನ್ನನ್ನು ಎರಡನೆಯ ಸಲ ಬಿಚ್ಚಿ, ಗಾಳಿ ಒಳಹೊರಗೆ ಹೋಗುವ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಟೈಮಿಂಗನ್ನು ಸರಿಪಡಿಸಿದ ಕೆಲಸವನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ಗಾಡಿ ಅಪ್ಪನದು. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ಅವರು 2003ರಲ್ಲಿ ಅದನ್ನು ಕೊಂಡರು. ತೋಟದ ಲೈನ್ ಮನೆಯಿಂದ ಪೇಟೆಗೆ, ಪೇಟೆಯಿಂದ ಗೊಬ್ಬರದ ಚೀಲ ಹೇರಿಕೊಂಡು ಮತ್ತೆ ತೋಟಕ್ಕೆ, ಹೀಗೆ ಇಪ್ಪತ್ತು ವರ್ಷ ಅದು ಏರು ಇಳಿಜಾರುಗಳಲ್ಲೇ ದುಡಿದಿದೆ. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಕೈಮರದ ಕಡೆಗೆ ಹೊರಟರೆ ಅಲ್ಲಿಂದಲೂ ಏರು, ಮುಳ್ಳಯ್ಯನಗಿರಿಯ ತುದಿಯಂತೂ 1,930 ಮೀಟರ್. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಉಸಿರಿನಲ್ಲೂ ಎಂಜಿನ್ನಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ. ಬಯಲುಸೀಮೆಯಲ್ಲಿ ಕಣ್ಣಿಗೆ ಬೀಳದ ದೋಷ ನಮ್ಮ ಗುಡ್ಡಗಳಲ್ಲಿ ಮೊದಲ ತಿರುವಿನಲ್ಲೇ ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ. ನಮ್ಮ ಗಾಡಿ ಕಡೂರು ರಸ್ತೆಯ ಸಮತಟ್ಟಿನಲ್ಲಿ ವೇಗ ಹಿಡಿದ ಮೇಲೆ ಪರವಾಗಿಲ್ಲ ಎನ್ನುವಂತೆ ಹೋಗುತ್ತಿತ್ತು. ಏರು ಬಂದೊಡನೆ ಎರಡನೆಯ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು, ಸೈಲೆನ್ಸರಿನ ಬೆಂಡು ವಿಪರೀತ ಕಾಯುತ್ತಿತ್ತು.

ಈ ತೊಂದರೆ ಶುರುವಾದದ್ದು ಬೋರ್ ಹಾಕಿಸುವುದಕ್ಕೂ ಒಂದು ವರ್ಷ ಮೊದಲು, ಪೇಟೆಯ ಒಂದು ಗ್ಯಾರೇಜಿನಲ್ಲಿ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನು ಬದಲಿಸಿದ ನಂತರ. ಹಳೆಯ ಚೈನು ಗಲಗಲ ಸದ್ದು ಮಾಡುತ್ತಿತ್ತು, ಹೊಸದು ಹಾಕಿದ ಮೇಲೆ ಸದ್ದು ನಿಂತಿತು, ಅದರ ಜೊತೆಗೆ ಎಳೆತವೂ ಹೋಯಿತು. ಗಾಡಿಗೆ ವಯಸ್ಸಾಯಿತು, ಬೋರಿಗೆ ಬಂದಿದೆ ಎಂದು ಅಪ್ಪ ಸಮಾಧಾನ ಮಾಡಿಕೊಂಡರು. ಕಿಕ್ಕರ್ ಹಗುರವಾಗಿದ್ದುದನ್ನು ಕಂಡು ನಾನೂ ಅದನ್ನೇ ನಂಬಿದೆ. ಕಂಪ್ರೆಶನ್, ಅಂದರೆ ಒಳಗಿನ ಗಾಳಿಯ ಹಿಂಡಿತ, ಕಡಿಮೆಯಾದರೆ ರಿಂಗು ಸವೆದಿದೆ ಎಂದು ತೀರ್ಮಾನಿಸುವುದು ಬಹುತೇಕ ಎಲ್ಲರ ಅಭ್ಯಾಸ. ಇನ್ನೊಂದು ಸಾಧ್ಯತೆ ಇದೆ ಎಂಬುದು ಹೊಳೆಯುವುದಕ್ಕೆ ಕ್ಯಾಮಿನ ಕೆಲಸ ಏನೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿದಿರಬೇಕು.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸಲ ಕೆಳಗಿಳಿದು ಎರಡು ಸಲ ಮೇಲೇರಿದರೆ ಒಂದು ಆವರ್ತ ಮುಗಿಯುತ್ತದೆ. ಅಷ್ಟರಲ್ಲಿ ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ, ಅಂದರೆ ಕ್ರ್ಯಾಂಕು, ಎರಡು ಸುತ್ತು ತಿರುಗಿರುತ್ತದೆ, ಕ್ಯಾಮ್‌ಶಾಫ್ಟು ಒಂದೇ ಸುತ್ತು. ಅದಕ್ಕಾಗಿಯೇ ಕ್ಯಾಮಿನ ಹಲ್ಲುಚಕ್ರದಲ್ಲಿ ಕ್ರ್ಯಾಂಕಿನ ಹಲ್ಲುಚಕ್ರಕ್ಕಿಂತ ಸರಿಯಾಗಿ ಎರಡರಷ್ಟು ಹಲ್ಲುಗಳಿರುತ್ತವೆ. ನಮ್ಮ ಗಾಡಿಯಲ್ಲಿ ನಾನು ಎಣಿಸಿದಾಗ ಕ್ಯಾಮಿನಲ್ಲಿ 28, ಕ್ರ್ಯಾಂಕಿನಲ್ಲಿ 14. ಈ ಎಂಜಿನ್ನು ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 8,000 ಸುತ್ತುಗಳಲ್ಲಿ. ಆ ವೇಗದಲ್ಲಿ ಪ್ರತಿಯೊಂದು ವಾಲ್ವು ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚುತ್ತದೆ. ಯಾವ ವಾಲ್ವು ಪಿಸ್ಟನ್ನಿನ ಯಾವ ಸ್ಥಾನದಲ್ಲಿ ತೆರೆಯಬೇಕು, ಯಾವ ಸ್ಥಾನದಲ್ಲಿ ಮುಚ್ಚಬೇಕು ಎಂಬುದೆಲ್ಲ ಆ ಚೈನಿನ ಒಂದು ಹಲ್ಲಿನ ಮೇಲೆ ನಿಂತಿರುತ್ತದೆ. 360 ಡಿಗ್ರಿಯನ್ನು 28ರಿಂದ ಭಾಗಿಸಿದರೆ ಒಂದು ಹಲ್ಲಿಗೆ ಕ್ಯಾಮಿನಲ್ಲಿ 12.86 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ಅದರ ಇಮ್ಮಡಿ, ಅಂದರೆ 25.7 ಡಿಗ್ರಿ. ಚೈನು ಒಂದು ಹಲ್ಲು ತಪ್ಪಿ ಕೂತರೆ ವಾಲ್ವುಗಳು ಅಷ್ಟು ಬೇಗ ಅಥವಾ ಅಷ್ಟು ತಡವಾಗಿ ಕೆಲಸ ಮಾಡುತ್ತವೆ.

ತಡವಾದರೆ ಏನಾಗುತ್ತದೆ ಎಂಬುದು ನಮ್ಮ ಗಾಡಿಯ ಕಥೆಯೇ. ಗಾಳಿಯನ್ನು ಒಳಬಿಡುವ ಇನ್‌ಲೆಟ್ ವಾಲ್ವು ಸಾಮಾನ್ಯವಾಗಿಯೇ ಪಿಸ್ಟನ್ನು ಕೆಳತುದಿ ಮುಟ್ಟಿ ಮೇಲೆ ಹೊರಟ ನಂತರ ಮುಚ್ಚುವಂತೆ ರೂಪಿಸಿರುತ್ತಾರೆ. ಎಂಜಿನ್ನು ವೇಗವಾಗಿ ಓಡುವಾಗ ಒಳನುಗ್ಗುತ್ತಿರುವ ಗಾಳಿ ತನ್ನ ಓಟದ ರಭಸಕ್ಕೆ ಇನ್ನಷ್ಟು ತುಂಬಿಕೊಳ್ಳಲಿ ಎಂಬುದು ಅದರ ಉದ್ದೇಶ. ಆದರೆ ಕಾಲಿನಿಂದ ಕಿಕ್ ಹೊಡೆಯುವಾಗಲಾಗಲಿ, ಏರಿನಲ್ಲಿ ನಿಧಾನವಾಗಿ ಎಳೆಯುವಾಗಲಾಗಲಿ ಗಾಳಿಗೆ ಆ ರಭಸ ಇರುವುದಿಲ್ಲ. ಆಗ ವಾಲ್ವು ಇನ್ನೂ 25 ಡಿಗ್ರಿ ತಡವಾಗಿ ಮುಚ್ಚಿದರೆ, ಮೇಲೇರುವ ಪಿಸ್ಟನ್ನು ಒಳಗೆಳೆದುಕೊಂಡ ಗಾಳಿಯನ್ನೇ ಕಾರ್ಬುರೇಟರಿನ ಕಡೆಗೆ ಹಿಂದಕ್ಕೆ ದೂಡುತ್ತದೆ. ಹಿಂಡುವುದಕ್ಕೆ ಉಳಿಯುವ ಗಾಳಿಯೇ ಕಡಿಮೆ. ಕಿಕ್ಕರ್ ಹಗುರಾಗುತ್ತದೆ, ಕೆಳವೇಗದ ಎಳೆತ ಸಾಯುತ್ತದೆ, ಸಮತಟ್ಟಿನ ವೇಗದಲ್ಲಿ ಮಾತ್ರ ಗಾಡಿ ಚೇತರಿಸಿಕೊಂಡಂತೆ ತೋರುತ್ತದೆ. ಸವೆದ ರಿಂಗಿನ ಲಕ್ಷಣಗಳೂ ಕಿಕ್ಕರಿನ ಮಟ್ಟಿಗೆ ಹೀಗೆಯೇ ಇರುತ್ತವೆ. ಆದರೆ ಸವೆದ ರಿಂಗು ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ನಮ್ಮ ಗಾಡಿ ಹೊಗೆ ಬಿಡುತ್ತಿರಲಿಲ್ಲ ಎಂಬುದಕ್ಕೆ ಆಗ ನಾನು ಬೆಲೆ ಕೊಡಲಿಲ್ಲ.

ಬೋರ್ ಹಾಕಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲೇತ್ ಅಂಗಡಿಯಲ್ಲಿ ಬ್ಲಾಕನ್ನು 0.50 ಸೈಜಿಗೆ ಕೊರೆದರು. 50 ಮಿ.ಮೀ. ಇದ್ದ ವ್ಯಾಸ 50.5 ಆಯಿತು, 49.5 ಮಿ.ಮೀ. ಸ್ಟ್ರೋಕಿನೊಂದಿಗೆ ಗುಣಿಸಿದರೆ 97.2 ಸಿಸಿ ಇದ್ದದ್ದು 99.1 ಆಗುತ್ತದೆ. ಬ್ಲಾಕಿನ ಮೇಲೆ ಕೂರುವ, ವಾಲ್ವು ಮತ್ತು ಕ್ಯಾಮು ಇರುವ ಹೆಡ್ಡಿನ ಮುಖ ಸ್ವಲ್ಪ ಸೊಟ್ಟಗಾಗಿದ್ದುದರಿಂದ ಅದನ್ನೂ ಸುಮಾರು 0.3 ಮಿ.ಮೀ. ತೆಗೆದು ಸಮಮಾಡಿಕೊಟ್ಟರು. ಈ 0.3ರ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ.

ನಿಜವಾದ ತಪ್ಪು ನಾನು ಬಿಚ್ಚುವ ಮೊದಲು ಮಾಡಿದ ಒಂದು ಕೆಲಸದಲ್ಲಿತ್ತು. ಜೋಡಿಸುವಾಗ ಗೊಂದಲವಾಗದಿರಲಿ ಎಂದು ಚೈನಿನ ಒಂದು ಕೊಂಡಿಗೂ ಅದು ಕೂತಿದ್ದ ಹಲ್ಲಿಗೂ, ಕೆಳಗೆ ಕ್ರ್ಯಾಂಕಿನ ಹಲ್ಲಿಗೂ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಂಡಿದ್ದೆ. ಹೇಗಿತ್ತೋ ಹಾಗೆಯೇ ಕೂರಿಸುವುದು ಎಚ್ಚರಿಕೆಯ ಕೆಲಸ ಎಂದು ಭಾವಿಸಿದ್ದೆ. ಎಂಜಿನ್ನು ಚೆನ್ನಾಗಿ ಓಡುತ್ತಿರುವಾಗ ಬಿಚ್ಚಿದರೆ ಅದು ಎಚ್ಚರಿಕೆಯೇ ಹೌದು. ಕೆಟ್ಟು ಓಡುತ್ತಿದ್ದ ಎಂಜಿನ್ನಿಗೆ ಚುಕ್ಕೆ ಇಟ್ಟರೆ ಹಿಂದಿನವರ ತಪ್ಪನ್ನೇ ಜೋಪಾನವಾಗಿ ಎತ್ತಿಟ್ಟು ಮರಳಿ ಕೂರಿಸಿದಂತೆ. ಕ್ರ್ಯಾಂಕಿನ ತುದಿಯಲ್ಲಿ ಕೂರುವ ಮ್ಯಾಗ್ನೆಟ್ಟಿನ ಗುರುತನ್ನಾಗಲಿ ಕ್ಯಾಮಿನ ಹಲ್ಲುಚಕ್ರದ ಗುರುತನ್ನಾಗಲಿ ಆ ದಿನ ನಾನು ನೋಡಲೇ ಇಲ್ಲ. ಬಣ್ಣದ ಚುಕ್ಕೆಗಳು ಒಂದಕ್ಕೊಂದು ಸೇರಿದವು, ಅಷ್ಟಕ್ಕೆ ತೃಪ್ತಿಯಾಯಿತು.

ಕಿಕ್ಕರ್ ಹಗುರವೇ ಉಳಿದ ಮೇಲೆ ಗಾಡಿಯನ್ನು ತಳ್ಳಿಕೊಂಡು ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ ಒಬ್ಬರ ಮನೆಗೆ ಹೋದೆ. ಈಗ ಕೆಲಸ ಬಿಟ್ಟಿದ್ದಾರೆ. ನಾವೆಲ್ಲ ಅಣ್ಣ ಎಂದೇ ಕರೆಯುತ್ತೇವೆ. ಅವರು ಕಲಿತದ್ದು ಜಾವಾ, ಯೆಜ್ಡಿ ಗಾಡಿಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಮಲೆನಾಡಿನ ತೋಟಗಳ ತುಂಬ ಅವೇ ಇದ್ದವು. ಆ ಎಂಜಿನ್ನುಗಳು ಎರಡು ಸ್ಟ್ರೋಕಿನವು. ಅವಕ್ಕೆ ಕ್ಯಾಮೂ ಇಲ್ಲ, ಚೈನೂ ಇಲ್ಲ, ವಾಲ್ವೂ ಇಲ್ಲ. ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ, ಆದ್ದರಿಂದ ಅಲ್ಲಿ ಈ ಟೈಮಿಂಗ್ ತಪ್ಪುವ ಪ್ರಶ್ನೆಯೇ ಏಳುವುದಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅವರ ತಲೆಮಾರಿನವರು ಕ್ಯಾಮನ್ನು ಹೊಸದಾಗಿ ಕಲಿಯಬೇಕಾಯಿತು. ಬುಲೆಟ್ ಬಿಚ್ಚಿದ ಅನುಭವ ಇದ್ದವರಿಗೆ ಮಾತ್ರ ಕ್ಯಾಮಿನ ಪರಿಚಯವಿತ್ತು. ಅದರಲ್ಲಾದರೂ ಚೈನಿಲ್ಲ, ಹಲ್ಲಿಗೆ ಹಲ್ಲು ನೇರವಾಗಿ ಕೂಡುವ ಗೇರುಗಳು. ಅಣ್ಣ ಕಿಕ್ಕರನ್ನು ಕೈಯಿಂದ ಎರಡು ಸಲ ಒತ್ತಿ ನೋಡಿ ಹೇಳಿದರು: “ಬೋರು ಹೊಸದು ಅಂತೀಯ, ರಿಂಗು ಹೊಸದು ಅಂತೀಯ. ಹಂಗಾದ್ರೆ ಗಾಳಿ ಹೋಗ್ತಿರೋದು ಬಾಗಿಲಿಂದ ಕಣಪ್ಪ, ಗೋಡೆಯಿಂದಲ್ಲ. ಬಾಗಿಲು ಯಾವಾಗ ಮುಚ್ತದೆ ನೋಡು.”

ಹೀಗೆ ಎರಡನೆಯ ಸಲ ಬಿಚ್ಚಿದೆ. ಎಡಗಡೆಯ ಮ್ಯಾಗ್ನೆಟ್ ಕವರು ತೆಗೆದೆ, ಹೆಡ್ಡಿನ ಪಕ್ಕದ ದುಂಡು ಕವರು ತೆಗೆದೆ, ಪ್ಲಗ್ಗು ಬಿಚ್ಚಿದೆ. ಪ್ಲಗ್ಗು ಇಲ್ಲದಿದ್ದರೆ ಎಂಜಿನ್ನು ಕೈಗೆ ಹಗುರವಾಗಿ ತಿರುಗುತ್ತದೆ, ಬೇಕಾದ ಕಡೆ ನಿಲ್ಲುತ್ತದೆ. ಮ್ಯಾಗ್ನೆಟ್ಟಿನ ಮೇಲೆ ಟಿ ಎಂಬ ಅಕ್ಷರ ಮತ್ತು ಅದರ ಪಕ್ಕದಲ್ಲಿ ಒಂದು ಗೆರೆ ಇರುತ್ತದೆ. ಅದು ಎಂಜಿನ್ನಿನ ಮೈಮೇಲಿರುವ ಕಚ್ಚಿಗೆ ನೇರವಾದಾಗ ಪಿಸ್ಟನ್ನು ತುತ್ತತುದಿಯಲ್ಲಿರಬೇಕು, ಗ್ಯಾರೇಜಿನ ಮಾತಿನಲ್ಲಿ ಟಾಪ್ ಆಗಿರಬೇಕು. ಅದೇ ಸಮಯಕ್ಕೆ ಕ್ಯಾಮಿನ ಹಲ್ಲುಚಕ್ರದ ಮೇಲಿನ ಸೊನ್ನೆಯಂಥ ಗುರುತು ಹೆಡ್ಡಿನಲ್ಲಿರುವ ಕಚ್ಚಿಗೆ ನೇರವಾಗಬೇಕು. ಈ ಎರಡು ಜೋಡಿ ಗುರುತುಗಳು ಒಟ್ಟಿಗೆ ಕೂಡಿದರೆ ಟೈಮಿಂಗ್ ಸರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಟಿ ಅಕ್ಷರದ ಹತ್ತಿರವೇ ಎಫ್ ಎಂಬ ಇನ್ನೊಂದು ಗುರುತು ಇರುತ್ತದೆ. ಅದು ಕಿಡಿ ಹಾರುವ ಸ್ಥಾನ, ಟಾಪ್‌ಗಿಂತ ಮೊದಲೇ ಬರುತ್ತದೆ. ಕವರಿನೊಳಗಿನ ಎಣ್ಣೆ, ಧೂಳು, ತುಕ್ಕಿನ ನಡುವೆ ಎಫ್ ಅನ್ನು ಟಿ ಎಂದುಕೊಂಡು ಕ್ಯಾಮು ಕೂರಿಸುವವರು ಬಹಳ ಮಂದಿ. ಚೈನು ಹಲ್ಲಿನ ಲೆಕ್ಕದಲ್ಲೇ ಕೂರುವುದರಿಂದ, ಇಂಥ ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಸೊನ್ನೆ ಗುರುತು ಯಾವ ಹಲ್ಲಿಗೂ ಸರಿಯಾಗಿ ಹೊಂದದೆ ನಡುವೆ ಎಲ್ಲೋ ನಿಲ್ಲುತ್ತದೆ. ಆಗ ಈಚೆಗೋ ಆಚೆಗೋ ಎಂದು ಊಹೆಯ ಮೇಲೆ ಹಾಕಬೇಕಾಗುತ್ತದೆ. ನಾನು ಮ್ಯಾಗ್ನೆಟ್ಟನ್ನು ಪೆಟ್ರೋಲಿನಲ್ಲಿ ಒರೆಸಿ, ಎರಡೂ ಅಕ್ಷರಗಳನ್ನು ಓದಿ, ಟಿ ಗೆರೆಯ ಮೇಲೆ ಸೀಮೆಸುಣ್ಣ ತೀಡಿಕೊಂಡೆ.

ಅಷ್ಟು ಮಾಡಿದರೂ ಕಂಡದ್ದು ಅದೇ ನಡುವಿನ ಸ್ಥಿತಿ. ಟಿ ಗೆರೆ ಕಚ್ಚಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದಾಗ, ಕ್ಯಾಮಿನ ಗುರುತು ಹೆಡ್ಡಿನ ಕಚ್ಚಿಗೆ ಇನ್ನೂ ಬಂದಿರಲಿಲ್ಲ. ಹಲ್ಲಿನ ಅಂಚಿನಲ್ಲಿ ಅಳೆದರೆ ಸುಮಾರು 4 ಮಿ.ಮೀ. ಹಿಂದೆ ಇತ್ತು. ಸರಿ, ಒಂದು ಹಲ್ಲು ತಪ್ಪಿದೆ ಎಂದುಕೊಂಡು ಹಲ್ಲುಚಕ್ರವನ್ನು ಬಿಚ್ಚಿ, ಚೈನನ್ನು ಒಂದು ಹಲ್ಲು ಸರಿಸಿ ಕೂರಿಸಿದೆ. ಈಗ ಗುರುತು ಕಚ್ಚನ್ನು ದಾಟಿ ಎರಡೂವರೆ ಮಿ.ಮೀ.ಯಷ್ಟು ಮುಂದೆ ಹೋಗಿತ್ತು. ಚೈನಿನ ಒಂದು ಕೊಂಡಿಯ ಅಂತರ 6.35 ಮಿ.ಮೀ.; ಹಿಂದಿನ ನಾಲ್ಕು, ಮುಂದಿನ ಎರಡೂವರೆ ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಸರಿಯಾದ ಜಾಗ ಎರಡು ಹಲ್ಲುಗಳ ನಡುವೆ ಇತ್ತು, ಅಲ್ಲಿ ಚೈನು ಕೂರುವುದು ಸಾಧ್ಯವೇ ಇಲ್ಲ.

ಹತ್ತಿರದ ಹಲ್ಲನ್ನು ಆರಿಸಿಕೊಂಡು ಮುಂದುವರಿಯಬಹುದಾಗಿತ್ತು. ಅನೇಕರು ಹಾಗೆಯೇ ಮಾಡುತ್ತಾರೆ, ನನಗೂ ಆ ಸಂಜೆ ಆಸೆಯಾಯಿತು. ಆದರೆ ಕಾರ್ಖಾನೆಯವರು ಗುರುತು ಹಾಕುವಾಗ ಅರ್ಧ ಹಲ್ಲಿನ ವ್ಯತ್ಯಾಸ ಬಿಟ್ಟಿರಲು ಸಾಧ್ಯವಿಲ್ಲ. ಚೈನು ಜಗ್ಗಿದರೆ ಕ್ಯಾಮು ಸ್ವಲ್ಪ ಹಿಂದೆ ಬೀಳುತ್ತದೆ ನಿಜ. ಆದರೆ ಇಲ್ಲಿ ಹತ್ತಿರದ ಹಲ್ಲಿನಲ್ಲಿ ಕ್ಯಾಮು ಮುಂದೆ ಹೋಗಿತ್ತು, ಜಗ್ಗಿದ ಚೈನು ಯಾವತ್ತೂ ಹಾಗೆ ಮಾಡುವುದಿಲ್ಲ. ಕ್ಯಾಮಿನ ಹಲ್ಲುಚಕ್ರ ಶಾಫ್ಟಿನ ಮೇಲೆ ತಪ್ಪಾಗಿ ಕೂತಿರಬಹುದೇ ಎಂದು ನೋಡಿದೆ, ಕೂತಿರಲಿಲ್ಲ. ನಾಲ್ಕು ಗುರುತುಗಳಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಎರಡು ಕಚ್ಚುಗಳು ಎರಕದ ಲೋಹದಲ್ಲೇ ಇರುವಂಥವು, ಅವು ಕದಲುವುದಿಲ್ಲ. ಉಳಿದದ್ದು ಮ್ಯಾಗ್ನೆಟ್ಟಿನ ಟಿ.

ಟಿ ನಿಜ ಹೇಳುತ್ತಿದೆಯೇ ಎಂಬುದನ್ನು ಪಿಸ್ಟನ್ನಿನಿಂದಲೇ ತಿಳಿಯಬೇಕು. ಪ್ಲಗ್ಗಿನ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಬಿಟ್ಟು, ಅದು ಮೇಲೆ ಬಂದು ನಿಂತಾಗ ಟಾಪ್ ಎನ್ನುವುದು ಎಲ್ಲ ಕಡೆ ಇರುವ ಪದ್ಧತಿ. ಟ್ಯಾಪೆಟ್ (ವಾಲ್ವಿನ ಸಡಿಲ) ಹೊಂದಿಸುವುದಕ್ಕೆ ಅದು ಸಾಕು, ಗುರುತನ್ನು ಪರೀಕ್ಷಿಸುವುದಕ್ಕೆ ಸಾಲದು. ತುದಿಯ ಹತ್ತಿರ ಪಿಸ್ಟನ್ನು ಬಹುತೇಕ ಕದಲುವುದೇ ಇಲ್ಲ. ನಮ್ಮ ಗಾಡಿಯ ಸ್ಟ್ರೋಕಿಗೆ ಲೆಕ್ಕ ಹಾಕಿದರೆ, ಕ್ರ್ಯಾಂಕು ತುದಿಯಿಂದ 5 ಡಿಗ್ರಿ ಸರಿದಾಗ ಪಿಸ್ಟನ್ನು ಇಳಿಯುವುದು ಸುಮಾರು 0.12 ಮಿ.ಮೀ. ಮಾತ್ರ. 11 ಡಿಗ್ರಿ ಸರಿದರೂ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕೈಯಲ್ಲಿ ಹಿಡಿದ ಕಡ್ಡಿಗೆ ಇದು ತಿಳಿಯುವುದಿಲ್ಲ.

ಸರಿಯಾದ ದಾರಿಯೆಂದರೆ ಪಿಸ್ಟನ್ನನ್ನು ತುದಿಗೆ ಹೋಗಗೊಡದೆ ಎರಡೂ ಕಡೆಯಿಂದ ಒಂದೇ ಎತ್ತರದಲ್ಲಿ ತಡೆದು, ಎರಡು ತಡೆಗಳ ನಡುವಿನ ಮಧ್ಯವನ್ನು ಹಿಡಿಯುವುದು. ಆ ಎತ್ತರದಲ್ಲಿ ಪಿಸ್ಟನ್ನು ಚುರುಕಾಗಿ ಚಲಿಸುತ್ತಿರುತ್ತದೆ, ಆದ್ದರಿಂದ ತಡೆ ಸಿಗುವ ಕ್ಷಣ ಖಚಿತವಾಗಿ ಗೊತ್ತಾಗುತ್ತದೆ. ವಾಲ್ವುಗಳು ಪಿಸ್ಟನ್ನಿಗೆ ತಗುಲಿದ ಗುರುತೇನಾದರೂ ಇದೆಯೇ ಎಂದು ನೋಡುವುದಕ್ಕಾಗಿ ನಾನು ಹೆಡ್ಡನ್ನೂ ಇಳಿಸಿದ್ದೆ, ಗುರುತು ಇರಲಿಲ್ಲ. ಹೆಡ್ಡು ಇಲ್ಲದಿದ್ದುದರಿಂದ ಕೆಲಸ ಸುಲಭವಾಯಿತು. ಒಂದು ದಪ್ಪ ಕಬ್ಬಿಣದ ಪಟ್ಟಿಗೆ ತೂತು ಕೊರೆದು ಬ್ಲಾಕಿನ ಎರಡು ಸ್ಟಡ್ಡುಗಳಿಗೆ ಅಡ್ಡಲಾಗಿ ಬಿಗಿದೆ, ಪಟ್ಟಿಯ ನಡುವಿನಿಂದ ಒಂದು ಬೋಲ್ಟು ಪಿಸ್ಟನ್ನಿನ ಕಡೆಗೆ ಚಾಚುವಂತೆ ಮಾಡಿದೆ. ಬ್ಲಾಕು ಮೇಲೇಳದಂತೆ ಅದೇ ಪಟ್ಟಿ ಹಿಡಿದುಕೊಂಡಿತು. ಚೈನು ಒಳಗೆ ಬಿದ್ದು ಕ್ರ್ಯಾಂಕಿನ ಹಲ್ಲಿಗೆ ಸಿಕ್ಕಿಕೊಳ್ಳದಂತೆ ಅದನ್ನು ತಂತಿಯ ಕೊಕ್ಕೆಯಿಂದ ಮೇಲಕ್ಕೆ ಎತ್ತಿ ಕಟ್ಟಿದೆ. 360 ಡಿಗ್ರಿಯ ಕೋನಮಾಪಕವನ್ನು ದೊಡ್ಡದಾಗಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ಅದರ ಸೊನ್ನೆಯನ್ನು ಟಿ ಗೆರೆಗೆ ಹೊಂದಿಸಿ ಮ್ಯಾಗ್ನೆಟ್ಟಿಗೆ ಕೂರಿಸಿದೆ. ಕಚ್ಚಿನ ಜಾಗಕ್ಕೆ ಸೂಚಿಯಾಗಿ ಒಂದು ಗಟ್ಟಿ ತಂತಿ.

ಟಿ ಸತ್ಯವಾಗಿದ್ದರೆ ಎರಡೂ ಕಡೆಯ ಓದು ಒಂದೇ ಆಗಿರಬೇಕು. ಎಂಜಿನ್ನು ಓಡುವ ದಿಕ್ಕಿಗೆ, ಅಂದರೆ ಎಡಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಮೆಲ್ಲಗೆ ತಿರುಗಿಸಿದೆ. ಟಿ ಬರುವುದಕ್ಕೆ ಇನ್ನೂ 51 ಡಿಗ್ರಿ ಇರುವಾಗಲೇ ಪಿಸ್ಟನ್ನು ಬೋಲ್ಟಿಗೆ ತಗುಲಿತು. ಹಿಂದಕ್ಕೆ ತಿರುಗಿಸಿ ಇನ್ನೊಂದು ಬದಿಯಿಂದ ತಂದಾಗ ಟಿ ದಾಟಿ 29 ಡಿಗ್ರಿಯಲ್ಲಿ ತಗುಲಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಎರಡರ ವ್ಯತ್ಯಾಸ 22, ಅದರ ಅರ್ಧ 11. ಪಿಸ್ಟನ್ನು ನಿಜವಾಗಿ ತುತ್ತತುದಿ ಮುಟ್ಟುವುದು ಟಿ ಗುರುತು ಕಚ್ಚಿಗೆ ಬರುವುದಕ್ಕಿಂತ 11 ಡಿಗ್ರಿ ಮೊದಲು. ಆ ಸಂಖ್ಯೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗ ಎರಡು ದಿನದ ಗೊಂದಲ ಒಮ್ಮೆಗೇ ತಿಳಿಯಾಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಕಾರಣ ಹುಡುಕಲು ಮ್ಯಾಗ್ನೆಟ್ಟನ್ನು ಪುಲ್ಲರ್ ಹಾಕಿ ಕಳಚಿದೆ. ಅದರ ನಟ್ಟು ಬಿಚ್ಚುವಾಗಲೇ ಸಡಿಲವಾಗಿದ್ದುದು ತಿಳಿದಿತ್ತು, ನಟ್ಟಿನ ಮೂಲೆಗಳಲ್ಲಿ ಉಳಿಯಿಟ್ಟು ಹೊಡೆದ ಗಾಯಗಳೂ ಇದ್ದವು. ಮ್ಯಾಗ್ನೆಟ್ಟು ಕ್ರ್ಯಾಂಕಿನ ಟೇಪರ್ ತುದಿಯ, ಅಂದರೆ ಹೋಗುತ್ತಾ ಸಣ್ಣದಾಗುವ ತುದಿಯ ಮೇಲೆ ಕೂರುತ್ತದೆ, ಅದರ ಸ್ಥಾನ ಹಿಡಿಯುವುದಕ್ಕೆ ಅರ್ಧಚಂದ್ರಾಕಾರದ ಒಂದು ಸಣ್ಣ ಕೀ ಇರುತ್ತದೆ. ಮ್ಯಾಗ್ನೆಟ್ಟನ್ನು ತಿರುಗದಂತೆ ಹಿಡಿದಿಡುವುದು ಆ ಕೀ ಎಂದು ಬಹಳ ಜನ ಭಾವಿಸಿದ್ದಾರೆ. ಹಿಡಿದಿಡುವುದು ಟೇಪರಿನ ಬಿಗಿತ. ಕೀ ಕೇವಲ ಜಾಗ ತೋರಿಸುತ್ತದೆ. ನಟ್ಟು ಸಡಿಲವಾದರೆ ಬಿಗಿತ ಹೋಗುತ್ತದೆ, ಎಂಜಿನ್ನಿನ ಪ್ರತಿ ಹೊಡೆತವೂ ಆ ಪುಟ್ಟ ಕೀಯ ಮೇಲೆ ಬೀಳುತ್ತದೆ. ನಮ್ಮ ಕೀ ಮೇಲರ್ಧ ಒಂದು ಕಡೆಗೆ, ಕೆಳಗರ್ಧ ಇನ್ನೊಂದು ಕಡೆಗೆ ಸರಿದು ಮೆಟ್ಟಿಲಿನಂತಾಗಿತ್ತು. ಮ್ಯಾಗ್ನೆಟ್ಟು ಕ್ರ್ಯಾಂಕಿಗಿಂತ 11 ಡಿಗ್ರಿ ಹಿಂದೆ ಬಿದ್ದಿತ್ತು. ಈ ಗಾಡಿಯಲ್ಲಿ ಕಿಡಿಯ ಸಮಯವನ್ನು ಸಿಡಿಐಗೆ, ಅಂದರೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ತಿಳಿಸುವುದೂ ಇದೇ ಮ್ಯಾಗ್ನೆಟ್ಟು, ಆದ್ದರಿಂದ ಕಿಡಿಯೂ ಅಷ್ಟೇ ತಡವಾಗುತ್ತಿತ್ತು. ತಡವಾಗಿ ಹೊತ್ತಿದ ಬೆಂಕಿ, ಹೊಗೆಯನ್ನು ಹೊರಬಿಡುವ ಎಗ್ಸಾಸ್ಟ್ ವಾಲ್ವು ತೆರೆದ ಮೇಲೂ ಉರಿಯುತ್ತಿರುತ್ತದೆ. ಸೈಲೆನ್ಸರಿನ ಬೆಂಡು ಕಾಯುತ್ತಿದ್ದುದು ಇದರಿಂದಲೇ.

ಚೈನು ಬದಲಿಸಿದವರು 11 ಡಿಗ್ರಿ ಹಿಂದೆ ಬಿದ್ದಿದ್ದ ಟಿ ಗುರುತನ್ನು ನಂಬಿ, ಎರಡು ಹಲ್ಲುಗಳಲ್ಲಿ ತಪ್ಪಾದದ್ದನ್ನು ಆರಿಸಿದ್ದರು. ಚೈನು ಕೂರಿಸುವಾಗ ಕ್ರ್ಯಾಂಕು ಎಳೆಯುವ ಬದಿಯಲ್ಲಿ ಸ್ವಲ್ಪ ಸಡಿಲ ಉಳಿದರೆ ತಪ್ಪು ಹಲ್ಲೇ ಹತ್ತಿರದಂತೆ ಕಾಣುವುದೂ ಉಂಟು. ನಟ್ಟನ್ನು ಉಳಿಯಿಂದ ಹೊಡೆದು ಬಿಗಿಯುವುದನ್ನು ಮಾತ್ರ ನಾನು ಒಪ್ಪಲಾರೆ. ಮ್ಯಾಗ್ನೆಟ್ಟು ಹಿಡಿಯುವ ಸಾಧನವೂ ಟಾರ್ಕ್ ರೆಂಚೂ ದುಬಾರಿ ಎಂದು ಹೇಳುವವರಿದ್ದಾರೆ, ಆದರೆ ಆ ಒಂದು ನಟ್ಟಿನಿಂದ ನಮಗೆ ಬೋರಿನ ಖರ್ಚು, ಪಿಸ್ಟನ್ನಿನ ಖರ್ಚು, ಒಂದು ವರ್ಷದ ಪೆಟ್ರೋಲು ಎಲ್ಲವೂ ವ್ಯರ್ಥವಾಗಿ ಹೋದವು.

ಹೊಸ ಕೀ ತರಿಸಿದೆ. ಕೀ ಇಲ್ಲದೆ ಮ್ಯಾಗ್ನೆಟ್ಟನ್ನು ಟೇಪರಿನ ಮೇಲಿಟ್ಟು, ವಾಲ್ವು ಉಜ್ಜುವ ನಯವಾದ ಪೇಸ್ಟಿನಿಂದ ಹಗುರವಾಗಿ ಉಜ್ಜಿ, ಎರಡೂ ಮುಖಗಳು ಸುತ್ತಲೂ ಒಂದೇ ಸಮನೆ ಬೂದುಬಣ್ಣಕ್ಕೆ ಬರುವವರೆಗೆ ನೋಡಿದೆ. ಪೇಸ್ಟಿನ ಕಣ ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಕೀ ಕೂರಿಸಿ, ಹೊಸ ನಟ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದೆ. ಟೇಪರಿಗೆ ಎಣ್ಣೆ ಹಚ್ಚಬಾರದು. ಮತ್ತೆ ಪಟ್ಟಿ ಕಟ್ಟಿ ಅಳೆದಾಗ ಎರಡೂ ಕಡೆ 40 ಡಿಗ್ರಿ ಬಂತು.

ಆಮೇಲೆ ಹೆಡ್ಡು ಕೂರಿಸಿ, ಎಂಜಿನ್ನನ್ನು ಟಿಗೆ ತಂದು ನಿಲ್ಲಿಸಿ, ಕ್ಯಾಮಿನ ಕೆಲಸಕ್ಕೆ ಕೈಹಾಕಿದೆ. ಟಿ ಎರಡು ಸುತ್ತಿಗೆ ಎರಡು ಸಲ ಬರುತ್ತದಲ್ಲ, ಇದು ಕಂಪ್ರೆಶನ್ನಿನ ಟಾಪೋ ಎಗ್ಸಾಸ್ಟಿನ ಟಾಪೋ ಎಂದು ಹೇಗೆ ತಿಳಿಯುವುದು ಎಂದು ತಲೆಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಕ್ಯಾಮು ಕೂರುವವರೆಗೆ ಅವೆರಡರ ನಡುವೆ ಯಾವ ಭೇದವೂ ಇಲ್ಲ. ಪಿಸ್ಟನ್ನಿಗೆ ಕೇವಲ ಮೇಲು ಕೆಳಗು ಗೊತ್ತು; ಯಾವ ಟಾಪ್ ಕಂಪ್ರೆಶನ್ನಿನದು ಎಂದು ನಿರ್ಧರಿಸುವುದೇ ಕ್ಯಾಮು. ಈ ಎಂಜಿನ್ನಿನಲ್ಲಿ ಕಿಡಿಯೂ ಪ್ರತಿ ಸುತ್ತಿಗೆ ಹಾರುವುದರಿಂದ ಆ ಚಿಂತೆ ಬೇಕಿಲ್ಲ. ಟಿಗೆ ನಿಲ್ಲಿಸಿ, ಸೊನ್ನೆ ಗುರುತನ್ನು ಕಚ್ಚಿಗೆ ಹಿಡಿದು ಕೂರಿಸಿದರೆ ಅದೇ ಕಂಪ್ರೆಶನ್ನಿನ ಟಾಪ್ ಆಗುತ್ತದೆ, ವಾಲ್ವುಗಳನ್ನು ಒತ್ತುವ ಎರಡೂ ರಾಕರುಗಳು ಸಡಿಲವಾಗಿ ಆಡುತ್ತವೆ.

ಚೈನನ್ನು ಹಲ್ಲುಚಕ್ರಕ್ಕೆ ಹೊದಿಸುವಾಗ ಒಂದು ಸೂಕ್ಷ್ಮವಿದೆ. ಕ್ರ್ಯಾಂಕು ಚೈನಿನ ಒಂದು ಬದಿಯನ್ನು ಎಳೆಯುತ್ತದೆ, ಇನ್ನೊಂದು ಬದಿ ಸಡಿಲವಾಗಿರುತ್ತದೆ. ಆ ಸಡಿಲವನ್ನು ಟೆನ್ಷನರ್ ಹೀರಿಕೊಳ್ಳುತ್ತದೆ. ಟೆನ್ಷನರಿನ ಸ್ಪ್ರಿಂಗು ಇನ್ನೂ ಹಾಕಿರದಾಗ ಸಡಿಲ ಎಲ್ಲಿ ಬೇಕಾದರೂ ನಿಲ್ಲಬಹುದು. ಅದು ಎಳೆತದ ಬದಿಯಲ್ಲಿ ನಿಂತರೆ ಗುರುತು ಕಣ್ಣಿಗೆ ಸರಿಯಾಗಿ ಕಂಡರೂ, ಎಂಜಿನ್ನು ತಿರುಗಿದೊಡನೆ ಕ್ಯಾಮು ಹಿಂದೆ ಬೀಳುತ್ತದೆ. ಆದ್ದರಿಂದ ಹಲ್ಲುಚಕ್ರವನ್ನು ಬೆರಳಿನಿಂದ ಹಿಡಿದು, ಎಳೆತದ ಬದಿ ತಂತಿಯಂತೆ ಬಿಗಿಯಾಗುವವರೆಗೆ ಓಟದ ದಿಕ್ಕಿಗೆ ಎದುರಾಗಿ ಒತ್ತಿಕೊಂಡೇ ಗುರುತು ನೋಡಬೇಕು. ಬೋಲ್ಟು ಬಿಗಿದು, ಎಂಜಿನ್ನಿನ ಅಡಿಯಿಂದ ಟೆನ್ಷನರಿನ ಒತ್ತುಕಡ್ಡಿ, ಸ್ಪ್ರಿಂಗು, ವಾಷರು, ಬೋಲ್ಟು ಹಾಕಿದ ನಂತರ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿದೆ. ಎಲ್ಲಿಯಾದರೂ ಗಟ್ಟಿ ತಡೆ ಸಿಕ್ಕರೆ ಅಲ್ಲಿಯೇ ನಿಲ್ಲಿಸಬೇಕು, ಒತ್ತಾಯ ಮಾಡಬಾರದು. ಎರಡು ಮೂರು ಹಲ್ಲು ತಪ್ಪಿದ್ದರೆ ಆ ತಡೆ ವಾಲ್ವು ಪಿಸ್ಟನ್ನಿಗೆ ತಗುಲಿದ್ದಾಗಿರಬಹುದು. ಕಿಕ್ಕರ್ ಹೊಡೆದು ಪರೀಕ್ಷಿಸುವುದಂತೂ ಕೂಡದು.

ಗುರುತುಗಳ ಹಂಗಿಲ್ಲದೆ ಟೈಮಿಂಗ್ ನೋಡುವ ಇನ್ನೊಂದು ಉಪಾಯ ಅಣ್ಣ ಹೇಳಿಕೊಟ್ಟದ್ದು. ಕಂಪ್ರೆಶನ್ನಿನ ಟಾಪಿನಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಎಗ್ಸಾಸ್ಟಿನ ಟಾಪ್ ಬರುತ್ತದೆ. ಅಲ್ಲಿ ಒಂದು ವಾಲ್ವು ಮುಚ್ಚಿಕೊಳ್ಳುತ್ತಿರುತ್ತದೆ, ಇನ್ನೊಂದು ತೆರೆಯಲು ತೊಡಗಿರುತ್ತದೆ. ತುದಿಯಿಂದ ಸ್ವಲ್ಪ ಹಿಂದಕ್ಕೆ ತಂದರೆ ಎಗ್ಸಾಸ್ಟ್ ರಾಕರ್ ಒತ್ತುತ್ತದೆ, ಸ್ವಲ್ಪ ಮುಂದಕ್ಕೆ ಒಯ್ದರೆ ಇನ್‌ಲೆಟ್ ರಾಕರ್ ಒತ್ತುತ್ತದೆ. ಈ ಕೈಬದಲಾವಣೆ ತುತ್ತತುದಿಯ ಆಸುಪಾಸಿನಲ್ಲೇ ನಡೆದರೆ ಕ್ಯಾಮು ಸರಿಯಾದ ಹಲ್ಲಿನಲ್ಲಿದೆ ಎಂದು ಅರ್ಥ. ಇಪ್ಪತ್ತೈದು ಡಿಗ್ರಿ ಆಚೆ ನಡೆದರೆ ಒಂದು ಹಲ್ಲು ತಪ್ಪಿದೆ. ಗುರುತು ಅಳಿಸಿಹೋದ ಹಳೆಯ ಎಂಜಿನ್ನಿನಲ್ಲೂ ಇದು ನಡೆಯುತ್ತದೆ. ನಮ್ಮದರಲ್ಲಿ ಅದು ತುದಿಯಲ್ಲೇ ನಡೆಯಿತು. ಟ್ಯಾಪೆಟ್ಟುಗಳನ್ನು ಫೀಲರ್ ಗೇಜಿನಿಂದ ಹೊಂದಿಸಿ ಕವರುಗಳನ್ನು ಮುಚ್ಚಿದೆ.

ಕವರು ಮುಚ್ಚುವ ಮೊದಲು ಕಂಡ ಒಂದು ಸಣ್ಣ ಅಂತರದ ಬಗ್ಗೆಯೂ ಹೇಳಬೇಕು. ಎಲ್ಲ ಸರಿಯಾದ ಮೇಲೂ ಕ್ಯಾಮಿನ ಗುರುತು ಕಚ್ಚಿಗಿಂತ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಹೆಡ್ಡಿನ ಮುಖದಿಂದ ತೆಗೆಸಿದ 0.3 ಮಿ.ಮೀ. ಅದು. ಹೆಡ್ಡು ಕ್ರ್ಯಾಂಕಿಗೆ ಹತ್ತಿರವಾದಷ್ಟೂ ಎಳೆತದ ಬದಿಯ ಚೈನು ಅಷ್ಟೇ ಉದ್ದ ಹೆಚ್ಚಾದಂತಾಗಿ, ಹಲ್ಲುಚಕ್ರದ ಅಂಚು ಸರಿಯಾಗಿ ಅಷ್ಟೇ ಹಿಂದೆ ಸರಿಯುತ್ತದೆ. 11 ಡಿಗ್ರಿಯ ತಪ್ಪಿಗೆ ಅಂಚಿನಲ್ಲಿ 2.7 ಮಿ.ಮೀ. ಕಾಣಬೇಕಿತ್ತು, ನಾನು ಅಳೆದಾಗ ಎರಡೂವರೆಯ ಆಸುಪಾಸು ಕಂಡದ್ದೂ ಇದರಿಂದಲೇ. ಕ್ರ್ಯಾಂಕಿನ ಲೆಕ್ಕದಲ್ಲಿ ಇದು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ರೇಸಿಗೆ ಎಂಜಿನ್ನು ಕಟ್ಟುವವರು ಹಲ್ಲುಚಕ್ರದ ತೂತುಗಳನ್ನು ಉದ್ದ ಮಾಡಿ ಅದನ್ನೂ ಸರಿಪಡಿಸುತ್ತಾರೆ. ಗೊಬ್ಬರದ ಚೀಲ ಹೊರುವ ಗಾಡಿಯಲ್ಲಿ, ಎರಡು ಬೋಲ್ಟುಗಳ ಬಿಗಿತವನ್ನು ಪಣಕ್ಕಿಟ್ಟು ಒಂದು ಡಿಗ್ರಿಯ ಹಿಂದೆ ಹೋಗುವುದು ನನಗೆ ಸರಿಕಾಣಲಿಲ್ಲ. ಹಾಗೆಯೇ ಬಿಟ್ಟೆ.

ಕಿಕ್ಕರ್ ಹೊಡೆಯಲು ಅಪ್ಪನನ್ನೇ ಕರೆದೆ. ಅರ್ಧಕ್ಕೆ ಅವರ ಕಾಲು ನಿಂತಿತು. ಕೆಳಗೆ ನೋಡಿ, ಸೀಟು ಹಿಡಿದು, ಮೈಭಾರ ಬಿಟ್ಟು ತುಳಿದರು. ಎರಡನೆಯ ತುಳಿತಕ್ಕೆ ಶುರುವಾಯಿತು. ಹೊಸ ಪಿಸ್ಟನ್ನು ಪಳಗುವವರೆಗೆ, ಮೊದಲ 500 ಕಿ.ಮೀ. ಹೇರು ಹೇರದೆ ಓಡಿಸಿ, ಆಯಿಲ್ ಬದಲಿಸಿ, ಮ್ಯಾಗ್ನೆಟ್ಟಿನ ನಟ್ಟಿಗೆ ಮತ್ತೊಮ್ಮೆ ರೆಂಚು ಇಟ್ಟು ನೋಡಿದೆ; ಕದಲಿರಲಿಲ್ಲ. ಆ ವಾರವೇ ಅಪ್ಪ ಹಿಂದೆ ನನ್ನನ್ನು ಕೂರಿಸಿಕೊಂಡು ಕೈಮರದ ಏರನ್ನು ಮೂರನೆಯ ಗೇರಿನಲ್ಲಿ ಹತ್ತಿಸಿದರು. ಮೇಲೆ ನಿಲ್ಲಿಸಿ ಸೈಲೆನ್ಸರಿನ ಬೆಂಡಿನ ಹತ್ತಿರ ಕೈಹಿಡಿದು ಕಾವು ನೋಡಿದರು, ಏನೂ ಹೇಳದೆ ಮತ್ತೆ ಗಾಡಿ ಹತ್ತಿದರು.